ನಗರಗಳಲ್ಲಿ ಒಡನಾಡಿ ಪ್ರಾಣಿಗಳ ಪಾಲನೆ ಮತ್ತು ಕ್ಷೇಮ: ಸಮ್ಮೇಳನಗಳು, ಸಂಶೋಧನೆ ಹಾಗೂ ಸಾಕುನಾಯಿ ಪರವಾನಗಿ

ಪೀಠಿಕೆ

ಆಹಾರ, ಉಳುಮೆ ಅಥವಾ ವ್ಯಾಪಾರದ ಉದ್ದೇಶವಿಲ್ಲದೆ ಒಡನಾಟಕ್ಕಾಗಿಯೇ ಮನೆಯಲ್ಲಿರಿಸಿಕೊಂಡು ಸಾಕುವ ನಾಯಿ, ಬೆಕ್ಕು ಮುಂತಾದವುಗಳನ್ನು ಒಡನಾಡಿ ಪ್ರಾಣಿಗಳೆಂದು ಕರೆಯಲಾಗುತ್ತದೆ. ಈ ಒಡನಾಟವು ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಕ್ರಿ.ಶ. 949-50ರ ಶಾಸನವು ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯ ಸ್ಮರಣೆಯನ್ನು ಉಳಿಸಿಕೊಂಡಿದ್ದು, ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಸಂರಕ್ಷಿಸಲಾಗಿದೆ.

ಹಳ್ಳಿಗಳಲ್ಲಿ ನಾಯಿಯು ಮನೆ, ಹಿತ್ತಿಲು ಹಾಗೂ ಕುರಿಹಟ್ಟಿಯ ಕಾವಲಿನೊಂದಿಗೆ ಬೆಸೆದುಕೊಂಡ ಜೀವಿಯಾಗಿದ್ದು, ಅದಕ್ಕೆ ಪ್ರತ್ಯೇಕ ದಾಖಲೆ ಬೇಕೆಂದು ಯಾರಿಗೂ ತೋರಿರಲಿಲ್ಲ. ನಗರದಲ್ಲಿ ಸ್ಥಿತಿ ಬೇರೆ. ಒಂದೇ ಮೆಟ್ಟಿಲು, ಒಂದೇ ಲಿಫ್ಟ್, ಒಂದೇ ಉದ್ಯಾನವನ್ನು ನೂರಾರು ಕುಟುಂಬಗಳು ಹಂಚಿಕೊಳ್ಳುವ ಕಡೆ, ಒಂದು ಮನೆಯ ನಾಯಿಯ ಆರೋಗ್ಯವು ನೆರೆಹೊರೆಯವರ ಆರೋಗ್ಯಕ್ಕೂ ಸಂಬಂಧಿಸಿದ ವಿಷಯವಾಗುತ್ತದೆ.

ಸಾಕುನಾಯಿಯ ಪರವಾನಗಿಗಾಗಿ ಅರ್ಜಿ ಸಲ್ಲಿಸುವ ನಾಗರಿಕರಲ್ಲಿ ಅನೇಕರು, ತಮ್ಮ ಮನೆಯ ನಾಯಿಗೆ ಕಚೇರಿಯ ಅನುಮತಿ ಏತಕ್ಕೆ, ಲಸಿಕೆಯ ಪ್ರಮಾಣಪತ್ರವನ್ನು ಏಕೆ ಲಗತ್ತಿಸಬೇಕು, ಒಮ್ಮೆ ಪಡೆದ ಪರವಾನಗಿಯನ್ನು ಮತ್ತೆ ಏಕೆ ನವೀಕರಿಸಬೇಕು ಎಂದು ಪ್ರಶ್ನಿಸುವುದುಂಟು. ಪ್ರಶ್ನೆ ನ್ಯಾಯವಾದದ್ದೇ ಆಗಿದೆ. ಅದಕ್ಕೆ ಉತ್ತರವು ನಿಯಮಾವಳಿಯ ಪುಟಗಳಿಗಿಂತ ಹೆಚ್ಚಾಗಿ ಕಳೆದ ಕೆಲವು ದಶಕಗಳ ಸಂಶೋಧನೆಯಲ್ಲಿ ಮತ್ತು ಆ ಸಂಶೋಧನೆಯನ್ನು ಒಟ್ಟುಗೂಡಿಸಿದ ಸಮ್ಮೇಳನಗಳಲ್ಲಿ ದೊರೆಯುತ್ತದೆ.

ಸಮ್ಮೇಳನಗಳು ನಡೆದುಬಂದ ದಾರಿ

ಮನುಷ್ಯ ಮತ್ತು ಸಾಕುಪ್ರಾಣಿಗಳ ಸಂಬಂಧವನ್ನು ವಿಜ್ಞಾನದ ವಿಷಯವೆಂದು ಪರಿಗಣಿಸಲು ಆರಂಭವಾದದ್ದು ಇತ್ತೀಚಿನ ದಿನಗಳಲ್ಲಿ. ಅಮೆರಿಕದ ಮಕ್ಕಳ ಮನಃಶಾಸ್ತ್ರಜ್ಞ ಬೋರಿಸ್ ಲೆವಿನ್‌ಸನ್ ಅವರು, ತಮ್ಮೊಡನೆ ಮಾತನಾಡಲು ಹಿಂಜರಿಯುತ್ತಿದ್ದ ಮಗುವು ಕೊಠಡಿಯಲ್ಲಿದ್ದ ನಾಯಿಯೊಡನೆ ಸಲೀಸಾಗಿ ಬೆರೆಯುವುದನ್ನು ಗಮನಿಸಿ, 1960ರ ದಶಕದಲ್ಲಿ ಆ ಕುರಿತು ಲೇಖನಗಳನ್ನು ಪ್ರಕಟಿಸಿದರು. ಆರಂಭದಲ್ಲಿ ಇದನ್ನು ಲಘುವಾಗಿ ಕಂಡವರೇ ಹೆಚ್ಚು. 1979ರಲ್ಲಿ ಸ್ಕಾಟ್ಲೆಂಡಿನ ಡಂಡಿ, 1981ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಹಾಗೂ 1983ರಲ್ಲಿ ಆಸ್ಟ್ರಿಯಾದ ವಿಯೆನ್ನಾ ನಗರಗಳಲ್ಲಿ ನಡೆದ ಸಭೆಗಳಲ್ಲಿ ವೈದ್ಯರು, ಪಶುವೈದ್ಯರು ಮತ್ತು ಸಮಾಜವಿಜ್ಞಾನಿಗಳು ಒಂದೇ ವೇದಿಕೆಗೆ ಬಂದ ನಂತರ ಈ ಅಧ್ಯಯನಕ್ಕೆ ಮನ್ನಣೆ ದೊರೆಯಿತು. 1990ರಲ್ಲಿ ಮನುಷ್ಯ-ಪ್ರಾಣಿ ಸಂಬಂಧಗಳ ಅಧ್ಯಯನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವು ರೂಪುಗೊಂಡು, ಸಮ್ಮೇಳನಗಳು ಮೂರು ವರ್ಷಗಳಿಗೊಮ್ಮೆ ನಡೆಯತೊಡಗಿದವು.

ಈ ಪೈಕಿ 1995ರಲ್ಲಿ ಜಿನೀವಾದಲ್ಲಿ ಅಂಗೀಕೃತವಾದ ಘೋಷಣೆಯು ನಗರವಾಸಿಗಳಿಗೆ ನೇರವಾಗಿ ಸಂಬಂಧಿಸಿದ್ದಾಗಿದೆ. ಸಾಕುಪ್ರಾಣಿಯನ್ನು ಸರಿಯಾಗಿ ನೋಡಿಕೊಳ್ಳುವವರಿಗೆ, ಪ್ರಾಣಿಗಳನ್ನು ಸಾಕದ ಇತರರ ಹಕ್ಕುಗಳಿಗೆ ಭಂಗ ಬಾರದಿರುವ ಮಿತಿಯಲ್ಲಿ, ಪ್ರಾಣಿಯನ್ನು ತಮ್ಮೊಡನೆ ಇರಿಸಿಕೊಳ್ಳುವ ಹಕ್ಕನ್ನು ಭೇದವಿಲ್ಲದೆ ಮಾನ್ಯ ಮಾಡಬೇಕೆಂದು ಅದು ಸರ್ಕಾರಗಳನ್ನು ಕೋರಿತು. ಹಕ್ಕು ಮತ್ತು ಹೊಣೆ ಎರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಿದ್ದೇ ಈ ಘೋಷಣೆಯ ವಿಶೇಷ. ಇಂದು ವಸತಿ ಸಮುಚ್ಚಯಗಳಲ್ಲಿ ನಡೆಯುವ ಬಹುಪಾಲು ವಿವಾದಗಳಲ್ಲಿ ಎರಡು ಪಕ್ಷಗಳೂ ಆ ವಾಕ್ಯದ ತಮಗೆ ಬೇಕಾದ ಅರ್ಧವನ್ನಷ್ಟೇ ಉಲ್ಲೇಖಿಸುವುದು ಕಂಡುಬರುತ್ತದೆ.

ಪ್ರಾಣಿಗಳ ಪಾಲನೆಯಿಂದ ಮನುಷ್ಯನ ಆರೋಗ್ಯಕ್ಕೆ ಆಗುವ ಪ್ರಯೋಜನದ ಬಗ್ಗೆ ಸಂಶೋಧನೆಯ ತೀರ್ಪು ಏಕರೂಪವಾಗಿಲ್ಲ. 1980ರಲ್ಲಿ ಎರಿಕಾ ಫ್ರೀಡ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಹೃದ್ರೋಗಕ್ಕೆ ಚಿಕಿತ್ಸೆ ಪಡೆದ 92 ಜನರ ಪೈಕಿ ಸಾಕುಪ್ರಾಣಿ ಹೊಂದಿದ್ದ 53 ಜನರಲ್ಲಿ 3 ಮಂದಿಯೂ, ಹೊಂದಿರದ 39 ಜನರಲ್ಲಿ 11 ಮಂದಿಯೂ ಒಂದು ವರ್ಷದೊಳಗೆ ಮೃತಪಟ್ಟಿದ್ದರು. ಈ ಅಂಕಿಗಳು ಜಗತ್ತಿನಾದ್ಯಂತ ಉಲ್ಲೇಖಗೊಂಡವು. ಆದರೆ 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಅಂತಹ ಪ್ರಯೋಜನವು ಕಂಡುಬರಲಿಲ್ಲ. ಆರೋಗ್ಯವಂತರೇ ನಾಯಿ ಸಾಕಲು ಮುಂದಾಗುತ್ತಾರೆಯೇ, ಅಥವಾ ನಾಯಿ ಸಾಕಿದ್ದರಿಂದ ಆರೋಗ್ಯ ಸುಧಾರಿಸುತ್ತದೆಯೇ ಎಂಬುದನ್ನು ಬೇರ್ಪಡಿಸುವುದು ಸುಲಭವಲ್ಲ. ಆದ್ದರಿಂದ ಔಷಧಿಯ ಬದಲಾಗಿ ನಾಯಿಮರಿಯನ್ನು ತರುವಂತೆ ಯಾರಾದರೂ ಸಲಹೆ ನೀಡಿದಲ್ಲಿ ಅದನ್ನು ಎಚ್ಚರಿಕೆಯಿಂದ ಸ್ವೀಕರಿಸುವುದು ಒಳಿತು.

ಹುಚ್ಚುನಾಯಿ ರೋಗ: ಸಂಶೋಧನೆಯ ಕೇಂದ್ರ ವಿಷಯ

ಪ್ರಯೋಜನದ ಬಗ್ಗೆ ಭಿನ್ನಾಭಿಪ್ರಾಯವಿದ್ದರೂ ಅಪಾಯದ ಬಗ್ಗೆ ಇಲ್ಲ. ರೇಬೀಸ್ ಎಂಬ ಹುಚ್ಚುನಾಯಿ ರೋಗದ ಲಕ್ಷಣಗಳು ಮನುಷ್ಯನಲ್ಲಿ ಕಾಣಿಸಿಕೊಂಡ ನಂತರ ಬದುಕುಳಿಯುವುದು ಅತ್ಯಂತ ವಿರಳ. ಕಚ್ಚಿದ ಕೂಡಲೇ ಸೂಕ್ತ ಚಿಕಿತ್ಸೆ ಪಡೆದಲ್ಲಿ ಅದೇ ರೋಗವನ್ನು ಬಹುತೇಕ ಸಂಪೂರ್ಣವಾಗಿ ತಡೆಗಟ್ಟಬಹುದು. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ಸುಮಾರು ಶೇ. 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಮಕ್ಕಳು ಆಟದ ನಡುವೆ ಆದ ಸಣ್ಣ ಗೀರನ್ನು ಬೈಗುಳದ ಭಯದಿಂದ ಮನೆಯಲ್ಲಿ ಹೇಳದಿರುವುದು ಸಾವಿಗೆ ದಾರಿಯಾಗಬಲ್ಲದು.

ಭಾರತದಲ್ಲಿ ಈ ರೋಗದ ನಿಜವಾದ ಪ್ರಮಾಣವನ್ನು ಅಳೆಯುವ ಕಾರ್ಯದಲ್ಲಿ ಬೆಂಗಳೂರಿನ ಪಾತ್ರ ಹಿರಿದು. ಭಾರತ ರೇಬೀಸ್ ತಡೆ ಮತ್ತು ನಿಯಂತ್ರಣ ಸಂಘವು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 2003ರಲ್ಲಿ ಕೈಗೊಂಡ ರಾಷ್ಟ್ರೀಯ ಸಮೀಕ್ಷೆಯ ನೇತೃತ್ವವನ್ನು ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಡಾ. ಎಂ.ಕೆ. ಸುದರ್ಶನ್ ಅವರು ವಹಿಸಿದ್ದರು. ದೇಶದಲ್ಲಿ ವರ್ಷಕ್ಕೆ 20,565 ಜನರು ಈ ರೋಗದಿಂದ ಸಾವನ್ನಪ್ಪುತ್ತಿದ್ದಾರೆಂದೂ, ಅವುಗಳಲ್ಲಿ ಶೇ. 96ಕ್ಕೂ ಹೆಚ್ಚು ಸಾವುಗಳಿಗೆ ನಾಯಿ ಕಡಿತವೇ ಕಾರಣವೆಂದೂ ಆ ಸಮೀಕ್ಷೆಯು ಅಂದಾಜಿಸಿತು. ಸುಮಾರು ಎರಡು ದಶಕಗಳ ನಂತರ, 2022ರ ಮಾರ್ಚ್‌ನಿಂದ 2023ರ ಆಗಸ್ಟ್‌ವರೆಗೆ 15 ರಾಜ್ಯಗಳ 60 ಜಿಲ್ಲೆಗಳಲ್ಲಿ ನಡೆದ ಮತ್ತೊಂದು ಸಮೀಕ್ಷೆಯು ವಾರ್ಷಿಕ ಸಾವುಗಳನ್ನು 5,726 ಎಂದೂ, ಪ್ರಾಣಿ ಕಡಿತದ ಪ್ರಕರಣಗಳನ್ನು ಸುಮಾರು 91 ಲಕ್ಷವೆಂದೂ ಅಂದಾಜಿಸಿದೆ. ಸಾವುಗಳು ಇಳಿದಿರುವುದು ಸಮಾಧಾನದ ವಿಷಯ. ಆದರೆ ಅದಕ್ಕೆ ಮುಖ್ಯ ಕಾರಣ ಕಚ್ಚಿಸಿಕೊಂಡವರು ಹಿಂದಿಗಿಂತ ಹೆಚ್ಚಾಗಿ ಆಸ್ಪತ್ರೆಗೆ ಬರುತ್ತಿರುವುದೇ ಹೊರತು ಕಡಿತವು ನಿಂತಿರುವುದಲ್ಲ.

ಹಿರಿಯರ ಮನಸ್ಸಿನಲ್ಲಿ ಇಂದಿಗೂ ಉಳಿದಿರುವ ಹೊಕ್ಕುಳ ಸುತ್ತಲಿನ ಹದಿನಾಲ್ಕು ಚುಚ್ಚುಮದ್ದುಗಳ ಭಯಕ್ಕೆ ಈಗ ಆಧಾರವಿಲ್ಲ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆಯನ್ನು 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಅವರು ರೂಪಿಸಿದ್ದರು. ಭಾರತದಲ್ಲಿ ಅದರ ಬಳಕೆಯನ್ನು 2004ರ ಡಿಸೆಂಬರ್‌ನಲ್ಲಿ ನಿಲ್ಲಿಸಲಾಯಿತು. ಈಗ ನೀಡಲಾಗುವ ಲಸಿಕೆಯು ಸುರಕ್ಷಿತವಾಗಿದ್ದು, ಅದನ್ನು ತೋಳಿಗೆ ನೀಡಲಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ.

ರೋಗ ಪತ್ತೆಯ ವಿಷಯದಲ್ಲಿಯೂ ರಾಜ್ಯಕ್ಕೆ ಅನುಕೂಲತೆಗಳಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರವೈರಾಣು ವಿಭಾಗವು ರೇಬೀಸ್ ಕುರಿತು ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರವಾಗಿ ಕೆಲಸ ಮಾಡಿದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆವರಣದಲ್ಲಿರುವ ರೇಬೀಸ್ ಪತ್ತೆ ಪ್ರಯೋಗಾಲಯವು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದ ಪರಾಮರ್ಶನ ಪ್ರಯೋಗಾಲಯವಾಗಿದೆ. ಮನುಷ್ಯರಲ್ಲಿ ಕಂಡುಬರುವ ರೇಬೀಸ್ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರವು 2022ರಲ್ಲಿ ಅಧಿಸೂಚಿಸಿದೆ.

ಶೇಕಡ 70ರ ಲೆಕ್ಕ

2015ರ ಡಿಸೆಂಬರ್‌ನಲ್ಲಿ ಜಿನೀವಾದಲ್ಲಿ ನಡೆದ ಜಾಗತಿಕ ಸಮ್ಮೇಳನವು, ನಾಯಿಗಳಿಂದ ಹರಡುವ ರೇಬೀಸ್‌ನಿಂದಾಗುವ ಮಾನವ ಸಾವುಗಳನ್ನು 2030ರ ವೇಳೆಗೆ ಶೂನ್ಯಕ್ಕೆ ಇಳಿಸುವ ಗುರಿಯನ್ನು ನಿಗದಿಪಡಿಸಿತು. ಅದೇ ಗುರಿಯೊಂದಿಗೆ ಭಾರತ ಸರ್ಕಾರವು 2021ರ ಸೆಪ್ಟೆಂಬರ್ 28ರಂದು, ವಿಶ್ವ ರೇಬೀಸ್ ದಿನದಂದು, ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಬಿಡುಗಡೆ ಮಾಡಿತು. ಈ ಎರಡಕ್ಕೂ ತಳಹದಿಯಾಗಿರುವುದು ಒಂದು ಸರಳ ಲೆಕ್ಕ. ಒಂದು ಪ್ರದೇಶದ ನಾಯಿಗಳಲ್ಲಿ ಸುಮಾರು ಶೇ. 70ರಷ್ಟಕ್ಕೆ ಲಸಿಕೆ ಹಾಕಿದಲ್ಲಿ ವೈರಾಣುವಿಗೆ ಒಂದು ನಾಯಿಯಿಂದ ಮತ್ತೊಂದಕ್ಕೆ ದಾಟಲು ದಾರಿ ಸಿಗದೆ ರೋಗದ ಸರಪಳಿ ಕಡಿದುಹೋಗುತ್ತದೆ.

ಗೋವಾ ರಾಜ್ಯದಲ್ಲಿ ಈ ಲೆಕ್ಕವನ್ನು ಕಾರ್ಯರೂಪಕ್ಕೆ ತರಲಾಯಿತು. ಮನೆಮನೆಗೂ ಬೀದಿಬೀದಿಗೂ ತಂಡಗಳನ್ನು ಕಳುಹಿಸಿ, ಬೀದಿ ನಾಯಿಗಳನ್ನು ಬಲೆಗಳಿಂದ ಹಿಡಿದು ಲಸಿಕೆ ಹಾಕಿ ಅಲ್ಲಿಯೇ ಬಿಡುವುದರೊಂದಿಗೆ, ಶಾಲೆಗಳಲ್ಲಿ ತಿಳಿವಳಿಕೆ ಹಾಗೂ ರೋಗದ ಕಣ್ಗಾವಲು ಕಾರ್ಯಗಳನ್ನು ಜೊತೆಯಾಗಿ ನಡೆಸಲಾಯಿತು. 2022ರಲ್ಲಿ ಪ್ರಕಟವಾದ ಅಧ್ಯಯನದಂತೆ ಅಲ್ಲಿ ನಾಯಿಗಳಲ್ಲಿನ ರೇಬೀಸ್ ಪ್ರಕರಣಗಳು ಶೇ. 92ರಷ್ಟು ಇಳಿದು, ಮಾನವ ಸಾವುಗಳು ಇಲ್ಲವಾದವು.

ಆದರೆ ಶೇ. 70 ಎಂಬ ಅಂಕಿಯನ್ನು ಕೇಳಿದೊಡನೆ ಹುಟ್ಟುವ ಪ್ರಶ್ನೆಯೆಂದರೆ, ಎಷ್ಟು ನಾಯಿಗಳಲ್ಲಿ ಶೇ. 70? ಒಟ್ಟು ನಾಯಿಗಳ ಸಂಖ್ಯೆ ತಿಳಿಯದಿದ್ದಲ್ಲಿ ಹಾಕಿದ ಲಸಿಕೆಗಳ ಸಂಖ್ಯೆಯು ಎಷ್ಟೇ ದೊಡ್ಡದಾಗಿದ್ದರೂ ಅದಕ್ಕೆ ಅರ್ಥ ಬಾರದು. ರಾಷ್ಟ್ರೀಯ ಜಾನುವಾರು ಗಣತಿಯು ಸುಮಾರು ಐದು ವರ್ಷಗಳಿಗೊಮ್ಮೆ ನಾಯಿಗಳನ್ನೂ ಎಣಿಸುತ್ತದೆ. 2012ರ ಗಣತಿಯಲ್ಲಿ ದೇಶದಲ್ಲಿ ಸುಮಾರು 1.71 ಕೋಟಿ, 2019ರ ಗಣತಿಯಲ್ಲಿ ಸುಮಾರು 1.53 ಕೋಟಿ ಬೀದಿ ನಾಯಿಗಳು ದಾಖಲಾಗಿದ್ದವು. ಒಂದು ಬಡಾವಣೆಯ ಯಾವ ಮನೆಯ ನಾಯಿಗೆ ಯಾವ ದಿನಾಂಕದಂದು ಲಸಿಕೆ ಹಾಕಲಾಗಿದೆ, ಅದರ ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ಇಂತಹ ಗಣತಿಯು ತಿಳಿಸುವುದಿಲ್ಲ. ಅದನ್ನು ತಿಳಿಸಬಲ್ಲ ದಾಖಲೆಯೆಂದರೆ ಪರವಾನಗಿಯೇ. ಲಸಿಕೆ ಪಡೆದ ನಾಯಿಗಳು ಸಾಯುತ್ತಿರುತ್ತವೆ, ಮರಿಗಳು ಹುಟ್ಟುತ್ತಿರುತ್ತವೆ, ಲಸಿಕೆಯ ಶಕ್ತಿಯೂ ಕಾಲಕ್ರಮೇಣ ಕುಂದುತ್ತದೆ. ಈ ವರ್ಷ ಸಾಧಿಸಿದ ಶೇ. 70 ಮುಂದಿನ ವರ್ಷ ತಾನಾಗಿಯೇ ಉಳಿಯುವುದಿಲ್ಲವಾದ್ದರಿಂದ ನವೀಕರಣವನ್ನು ಕೇಳಲಾಗುತ್ತದೆ.

ಬೀದಿ ನಾಯಿಗಳ ಸಂಖ್ಯಾ ನಿಯಂತ್ರಣ

ಒಂದು ಕಾಲದಲ್ಲಿ ನಗರಾಡಳಿತಗಳು ನಾಯಿಗಳನ್ನು ಕೊಲ್ಲುವುದನ್ನೇ ನಿಯಂತ್ರಣವೆಂದು ಭಾವಿಸಿದ್ದವು. ಹಲವು ದಶಕಗಳ ಕಾಲ ಕೊಂದರೂ ಸಂಖ್ಯೆಯಾಗಲಿ ರೋಗವಾಗಲಿ ಇಳಿಯದಿದ್ದುದರಿಂದ ಬೇರೆ ಮಾರ್ಗದ ಶೋಧನೆ ನಡೆಯಿತು. ಚೆನ್ನೈ ಮಹಾನಗರ ಪಾಲಿಕೆಯು 1996ರಲ್ಲಿ ಕೊಲ್ಲುವುದನ್ನು ಬಿಟ್ಟು ಸಂತಾನಶಕ್ತಿ ಹರಣ ಶಸ್ತ್ರಚಿಕಿತ್ಸೆಯ ವಿಧಾನವನ್ನು ಅನುಸರಿಸಿತು. ಜೈಪುರದಲ್ಲಿ 1994ರ ನವೆಂಬರ್‌ನಿಂದ 2002ರ ಡಿಸೆಂಬರ್‌ವರೆಗೆ ಸುಮಾರು 25,000 ನಾಯಿಗಳಿಗೆ ಶಸ್ತ್ರಚಿಕಿತ್ಸೆ ಹಾಗೂ ಲಸಿಕೆ ನೀಡಿದುದರ ಫಲವಾಗಿ ಆ ಪ್ರದೇಶದ ನಾಯಿಗಳ ಸಂಖ್ಯೆಯು ಶೇ. 28ರಷ್ಟು ಇಳಿಯಿತೆಂದು 2006ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು. 2012ರಲ್ಲಿ ಇಂಗ್ಲೆಂಡಿನ ಯಾರ್ಕ್, 2015ರಲ್ಲಿ ಟರ್ಕಿಯ ಇಸ್ತಾನ್‌ಬುಲ್ ನಗರಗಳಲ್ಲಿ ನಾಯಿಗಳ ಸಂಖ್ಯಾ ನಿರ್ವಹಣೆ ಕುರಿತಾಗಿಯೇ ಅಂತರರಾಷ್ಟ್ರೀಯ ಸಮ್ಮೇಳನಗಳು ಜರುಗಿದವು.

ಬೆಂಗಳೂರಿನ ಅಂಕಿಗಳು ಈ ಸಂದರ್ಭದಲ್ಲಿ ಗಮನಾರ್ಹ. ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2019ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸುಮಾರು 3.10 ಲಕ್ಷ ಬೀದಿ ನಾಯಿಗಳಿದ್ದು, 2023ರ ಸಮೀಕ್ಷೆಯಲ್ಲಿ ಆ ಸಂಖ್ಯೆ ಸುಮಾರು 2.79 ಲಕ್ಷಕ್ಕೆ ಇಳಿದಿತ್ತು. ಇದೇ ಅವಧಿಯಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ನಾಯಿಗಳ ಪ್ರಮಾಣವು ಶೇ. 51ರಿಂದ ಶೇ. 72ರ ಸನಿಹಕ್ಕೆ ಏರಿತ್ತು. ನಾಲ್ಕು ವರ್ಷಗಳಲ್ಲಿ ಶೇ. 10ರಷ್ಟು ಇಳಿಕೆ ಎಂದರೆ ನಿಧಾನವೆಂದೇ ಹೇಳಬೇಕು. ಪ್ರತಿದಿನ ಬೆಳಿಗ್ಗೆ ನಾಯಿಗಳ ಗುಂಪನ್ನು ದಾಟಿ ಹೋಗಬೇಕಾದ ಪತ್ರಿಕೆ ಹಂಚುವವರಿಗೆ ಇಂತಹ ಅಂಕಿಗಳಿಂದ ತಕ್ಷಣ ನೆಮ್ಮದಿ ದೊರೆಯದೆಂಬುದೂ ನಿಜ.

ಈ ಚಿತ್ರದಲ್ಲಿ ಸಾಕುನಾಯಿಯ ಪಾತ್ರವನ್ನು ಸಾಮಾನ್ಯವಾಗಿ ಮರೆಯಲಾಗುತ್ತದೆ. ಶಸ್ತ್ರಚಿಕಿತ್ಸೆ ಮಾಡಿಸದ ಸಾಕುನಾಯಿಯು ಒಂದು ರಾತ್ರಿ ಗೇಟು ದಾಟಿ ಹೊರಹೋದರೂ ಅದರ ಮರಿಗಳು ಬೀದಿಯಲ್ಲಿ ಬೆಳೆಯಬಹುದು. ವಯಸ್ಸಾಯಿತೆಂದು, ವರ್ಗಾವಣೆಯಾಯಿತೆಂದು, ಮಗು ಹುಟ್ಟಿತೆಂದು ಕೆರೆಯ ದಂಡೆಯಲ್ಲಿ ಬಿಟ್ಟುಬಂದ ತಳಿನಾಯಿಗೆ ಬೀದಿಯಲ್ಲಿ ಬದುಕುವುದು ತಿಳಿದಿರುವುದಿಲ್ಲ. ಇಂತಹ ನಾಯಿಗಳಿಗೆ ದಾಖಲೆಯಾಗಲಿ ಮೈಕ್ರೋಚಿಪ್ ಆಗಲಿ ಇಲ್ಲದಿರುವಾಗ ಬಿಟ್ಟವರನ್ನು ಗುರುತಿಸುವುದು ಸಾಧ್ಯವಾಗುವುದಿಲ್ಲ.

ಪಾಲಕರ ಹೊಣೆಗಾರಿಕೆ ಮತ್ತು ಕಾನೂನು

ಜೀವಿಗಳ ಬಗ್ಗೆ ಅನುಕಂಪ ಹೊಂದಿರುವುದು ಸಂವಿಧಾನದ 51ಎ(ಜಿ) ಅನುಚ್ಛೇದದಂತೆ ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವಾಗಿದೆ. ರುಕ್ಮಿಣಿದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ ಜಾರಿಗೆ ಬಂದ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ 11ನೆಯ ಪ್ರಕರಣವು ಹೊಡೆಯುವುದು, ಹಸಿವಿನಿಂದ ನರಳಿಸುವುದು ಇತ್ಯಾದಿಗಳೊಂದಿಗೆ ಸಕಾರಣವಿಲ್ಲದೆ ಪ್ರಾಣಿಯನ್ನು ತೊರೆಯುವುದನ್ನೂ ಅಪರಾಧವೆಂದು ಪರಿಗಣಿಸಿದೆ. ಯಾವಾಗಲೂ ಸರಪಳಿಯಲ್ಲಿ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಹಾಕಿದ ನಾಯಿಗೆ ಸಾಕಷ್ಟು ನಡೆದಾಟ ಕೊಡದಿರುವುದು ಸಹ ಅಪರಾಧವೆಂಬುದು ಅನೇಕರಿಗೆ ತಿಳಿದಿಲ್ಲ. ಮೊದಲ ಅಪರಾಧಕ್ಕೆ ನಿಗದಿಯಾದ 10ರಿಂದ 50 ರೂಪಾಯಿಗಳ ದಂಡವು ಕಾಲಕ್ಕೆ ತಕ್ಕಂತೆ ಏರಿಲ್ಲ ಎಂಬ ಆಕ್ಷೇಪವು ಬಹಳ ಹಿಂದಿನಿಂದಲೂ ಇದೆ.

ಬ್ರಿಟನ್ನಿನಲ್ಲಿ 1965ರ ಬ್ರಾಂಬೆಲ್ ಸಮಿತಿಯ ವರದಿಯಿಂದ ಮೊದಲಾಗಿ 1979ರಲ್ಲಿ ಸ್ಪಷ್ಟರೂಪ ಪಡೆದ ಐದು ಸ್ವಾತಂತ್ರ್ಯಗಳ ತತ್ತ್ವವನ್ನು ಮೂಲತಃ ಕೃಷಿ ಪ್ರಾಣಿಗಳಿಗಾಗಿ ರೂಪಿಸಲಾಗಿತ್ತು. ಹಸಿವು ಬಾಯಾರಿಕೆಗಳಿಂದ, ಅನನುಕೂಲದಿಂದ, ನೋವು ಹಾಗೂ ರೋಗದಿಂದ, ಭಯ ಹಾಗೂ ಸಂಕಟದಿಂದ ಮುಕ್ತಿ ಮತ್ತು ಸಹಜ ವರ್ತನೆಗೆ ಅವಕಾಶ ಎಂಬ ಈ ಐದು ಅಂಶಗಳನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು 2014ರ ಮೇ 7ರ ತೀರ್ಪಿನಲ್ಲಿ ಉಲ್ಲೇಖಿಸಿ, ನಮ್ಮ ಕಾನೂನಿನ ಭಾಗವಾಗಿ ಅರ್ಥೈಸಿತು. ದಿನವಿಡೀ ಬಾಲ್ಕನಿಯಲ್ಲಿ ಒಂಟಿಯಾಗಿ ಉಳಿಯುವ ನಾಯಿಗೆ ಊಟ ನೀರು ದೊರೆತರೂ ಕೊನೆಯ ಎರಡು ಅಂಶಗಳು ದೊರೆಯುವುದಿಲ್ಲ. ನೆರೆಯವರಿಗೆ ಕಿರಿಕಿರಿಯಾಗುವ ನಿರಂತರ ಬೊಗಳುವಿಕೆಯ ಮೂಲವು ಅನೇಕ ವೇಳೆ ಇದೇ ಆಗಿರುತ್ತದೆ.

ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023 ಇವು 2001ರ ನಿಯಮಗಳ ಸ್ಥಾನದಲ್ಲಿ ಜಾರಿಗೆ ಬಂದಿವೆ. ಸಾಕುಪ್ರಾಣಿಯ ಜಂತುನಿವಾರಣೆ, ಲಸಿಕೆ ಹಾಗೂ ಸಂತಾನಶಕ್ತಿ ಹರಣ ಚಿಕಿತ್ಸೆಯ ಹೊಣೆಯನ್ನು ಇವು ಪಾಲಕರ ಮೇಲೆಯೇ ಇರಿಸಿವೆ. ಬೀದಿಯ ಪ್ರಾಣಿಗಳನ್ನು ಸಮುದಾಯ ಪ್ರಾಣಿಗಳೆಂದು ಕರೆದು, ಅವುಗಳಿಗೆ ಆಹಾರ ನೀಡುವ ಸ್ಥಳವು ಮಕ್ಕಳ ಆಟದ ಜಾಗ, ಪ್ರವೇಶದ್ವಾರ ಹಾಗೂ ಮೆಟ್ಟಿಲುಗಳಿಂದ ದೂರವಿರಬೇಕೆಂದೂ ತಿಳಿಸಿವೆ. ತರುವಾಯ ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 22ರ ಆದೇಶದಲ್ಲಿ, ರೇಬೀಸ್ ಸೋಂಕಿತ ಹಾಗೂ ಆಕ್ರಮಣಕಾರಿ ನಾಯಿಗಳನ್ನು ಹೊರತುಪಡಿಸಿ ಉಳಿದವುಗಳನ್ನು ಚಿಕಿತ್ಸೆ ಮತ್ತು ಲಸಿಕೆಯ ನಂತರ ಹಿಡಿದ ಪ್ರದೇಶದಲ್ಲಿಯೇ ಬಿಡಬೇಕೆಂದು ನಿರ್ದೇಶಿಸಿತು. ಅದೇ ವರ್ಷದ ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ಹಾಗೂ ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಮರಳಿ ಅಲ್ಲಿಗೆ ಬಿಡಬಾರದೆಂದು ಸೂಚಿಸಿತು. ನಂತರದ ಆದೇಶಗಳ ಬಗ್ಗೆ ಸ್ಥಳೀಯ ಸಂಸ್ಥೆಯಲ್ಲಿ ವಿಚಾರಿಸಿಕೊಳ್ಳುವುದು ಸೂಕ್ತ.

ಸಾಕುಪ್ರಾಣಿಯ ಬಗ್ಗೆ ನಿರ್ಲಕ್ಷ್ಯ ತೋರಿ ಅದರಿಂದ ಮನುಷ್ಯರಿಗೆ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಪ್ರಕರಣದಂತೆ ಆರು ತಿಂಗಳವರೆಗಿನ ಕಾರಾವಾಸ ಅಥವಾ 5,000 ರೂಪಾಯಿಗಳವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಮರಿಯನ್ನು ಪಡೆಯುವ ಮುನ್ನ

ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು, 2017ರಂತೆ ತಳಿ ಸಂವರ್ಧಕರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ಸಂಖ್ಯೆಯನ್ನು ಕೇಳಿದಾಗ ವಿಷಯಾಂತರ ಮಾಡುವ ಮಾರಾಟಗಾರರಿಂದ ಮರಿಯನ್ನು ಕೊಳ್ಳದಿರುವುದೇ ಕ್ಷೇಮ. ತಾಯಿಯನ್ನು ತೋರಿಸಲು ಒಪ್ಪದವರ ವಿಷಯದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ.

ಚಳಿಪ್ರದೇಶದ ದಟ್ಟ ಕೂದಲಿನ ತಳಿಗಳನ್ನು ಕಲಬುರಗಿ, ರಾಯಚೂರಿನಂತಹ ಬಿಸಿಲ ನಾಡಿನಲ್ಲಿ ಸಾಕುವುದು ಪ್ರಾಣಿಗೆ ಶಿಕ್ಷೆಯೇ ಸರಿ. ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯು ಇಲ್ಲಿನ ಹವೆಗೆ ಒಗ್ಗಿದ್ದು, 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ಅದರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿದೆ. ಆದರೆ ಓಟಕ್ಕೆಂದೇ ರೂಪುಗೊಂಡ ಈ ನಾಯಿಗೆ ಎರಡು ಕೊಠಡಿಗಳ ಮನೆ ಸಾಲದು. ವಿಶೇಷ ತಳಿಯೇ ಬೇಕೆಂಬ ಹಟವಿಲ್ಲದವರಿಗೆ ಬೀದಿಯ ಮರಿಯನ್ನು ದತ್ತು ಪಡೆಯುವ ಅವಕಾಶವಿದೆ. ಲಸಿಕೆ ಮತ್ತು ಪರವಾನಗಿಯ ಅಗತ್ಯವು ಅದಕ್ಕೂ ಸಮಾನ.

ಅಪಾಯಕಾರಿ ಎನ್ನಲಾದ 23 ತಳಿಗಳ ಸಾಕಣೆಯನ್ನು ನಿರ್ಬಂಧಿಸುವಂತೆ ಕೇಂದ್ರ ಸರ್ಕಾರವು 2024ರ ಮಾರ್ಚ್ 12ರಂದು ಹೊರಡಿಸಿದ ಸುತ್ತೋಲೆಯನ್ನು, ಸಂಬಂಧಪಟ್ಟವರೊಡನೆ ಸಮಾಲೋಚಿಸದೆ ಹೊರಡಿಸಲಾಗಿದೆ ಎಂಬ ಕಾರಣದಿಂದ ಕರ್ನಾಟಕ ಉಚ್ಚ ನ್ಯಾಯಾಲಯವು ಅದೇ ವರ್ಷದ ಏಪ್ರಿಲ್‌ನಲ್ಲಿ ರದ್ದುಗೊಳಿಸಿತು.

ವಸತಿ ಸಮುಚ್ಚಯಗಳಲ್ಲಿ

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯಂತೆ, ನಿವಾಸಿಗಳ ಸಂಘವು ಬಹುಮತದ ನಿರ್ಣಯದಿಂದಲೂ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ. ಕೇರಳ ಉಚ್ಚ ನ್ಯಾಯಾಲಯವು 2021ರಲ್ಲಿ ಇದೇ ಅಭಿಪ್ರಾಯವನ್ನು ಎತ್ತಿಹಿಡಿದಿದೆ. ಬೆಂಗಳೂರಿನಲ್ಲಿ 2018ರಲ್ಲಿ ಫ್ಲ್ಯಾಟ್ ಒಂದಕ್ಕೆ ಒಂದೇ ನಾಯಿ ಎಂದು ಮಿತಿಗೊಳಿಸುವ ಉಪವಿಧಿಯು ಹೊರಬಂದಿತ್ತಾದರೂ, ವ್ಯಾಪಕ ವಿರೋಧದ ಕಾರಣ ಕಾರ್ಯರೂಪಕ್ಕೆ ಬರಲಿಲ್ಲ. ಇದರರ್ಥ ಪಾಲಕರಿಗೆ ಯಾವ ಕಟ್ಟುಪಾಡೂ ಇಲ್ಲವೆಂದಲ್ಲ. ಹೊರಗೆ ಕರೆದೊಯ್ಯುವಾಗ ನಾಯಿಗೆ ಹಗ್ಗ ಹಾಕಿರುವುದು, ಮಲವನ್ನು ತಾವೇ ತೆಗೆದು ವಿಲೇವಾರಿ ಮಾಡುವುದು, ಲಿಫ್ಟ್‌ನಲ್ಲಿ ಭಯಪಡುವವರಿದ್ದಲ್ಲಿ ಮುಂದಿನ ಸರದಿಗೆ ಕಾಯುವುದು ಇವು ಸಾಮಾನ್ಯ ಸೌಜನ್ಯಗಳು. ಲಸಿಕೆಯ ದಾಖಲೆಯನ್ನು ಸಂಘಕ್ಕೆ ತೋರಿಸಲು ಒಪ್ಪುವ ಪಾಲಕರ ವಿರುದ್ಧ ದೂರುಗಳು ವಿವಾದದ ಹಂತ ತಲಪುವುದು ಕಡಿಮೆ.

ಪರವಾನಗಿಗಾಗಿ ಅರ್ಜಿ

ಅರ್ಜಿಯನ್ನು ತಾವು ವಾಸಿಸುವ ಪ್ರದೇಶದ ಮಹಾನಗರ ಪಾಲಿಕೆ, ನಗರಸಭೆ ಅಥವಾ ಪುರಸಭೆಗೆ ಸಲ್ಲಿಸತಕ್ಕದ್ದು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಹಿಂದಿನ ಒಂದೇ ಪಾಲಿಕೆಯ ಬದಲಾಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ ಹಾಗೂ ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ರಚನೆಯಾಗಿರುವುದರಿಂದ, ಮನೆಯು ಯಾವುದರ ವ್ಯಾಪ್ತಿಗೆ ಬರುತ್ತದೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಶುಲ್ಕ ಮತ್ತು ಅವಧಿಗಳು ಸ್ಥಳೀಯ ಸಂಸ್ಥೆಯಿಂದ ಸಂಸ್ಥೆಗೆ ಭಿನ್ನವಾಗಿರುತ್ತವೆ.

ಅರ್ಜಿಯೊಂದಿಗೆ ಸಾಮಾನ್ಯವಾಗಿ ಪಾಲಕರ ಗುರುತು ಹಾಗೂ ವಿಳಾಸದ ದಾಖಲೆ, ನಾಯಿಯ ಭಾವಚಿತ್ರ ಮತ್ತು ನೋಂದಾಯಿತ ಪಶುವೈದ್ಯರು ನೀಡಿದ ರೇಬೀಸ್ ಲಸಿಕೆಯ ಪ್ರಮಾಣಪತ್ರ ಬೇಕಾಗುತ್ತವೆ. ಸಂತಾನಶಕ್ತಿ ಹರಣ ಚಿಕಿತ್ಸೆಯಾಗಿದ್ದಲ್ಲಿ ಅದರ ಪ್ರಮಾಣಪತ್ರವನ್ನೂ, ಮೈಕ್ರೋಚಿಪ್ ಅಳವಡಿಸಿದ್ದಲ್ಲಿ ಅದರ ಸಂಖ್ಯೆಯನ್ನೂ ನಮೂದಿಸುವುದು ಉಪಯುಕ್ತ. ಪ್ರಮಾಣಪತ್ರದಲ್ಲಿ ಲಸಿಕೆ ಹಾಕಿದ ದಿನಾಂಕ, ಬ್ಯಾಚ್ ಸಂಖ್ಯೆ, ಮುಂದಿನ ಲಸಿಕೆಯ ದಿನಾಂಕ ಹಾಗೂ ಪಶುವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಸ್ಪಷ್ಟವಾಗಿರುವುದನ್ನು ಅಲ್ಲಿಯೇ ಪರಿಶೀಲಿಸಿಕೊಂಡಲ್ಲಿ ಅಪೂರ್ಣ ದಾಖಲೆಗಾಗಿ ಮತ್ತೆ ಅಲೆಯುವುದು ತಪ್ಪುತ್ತದೆ.

ಮರಿಗೆ ಸಾಮಾನ್ಯವಾಗಿ ಮೂರು ತಿಂಗಳ ವಯಸ್ಸಿನಲ್ಲಿ ರೇಬೀಸ್ ಲಸಿಕೆಯ ಮೊದಲ ಚುಚ್ಚುಮದ್ದನ್ನು ನೀಡಿ, ಪಶುವೈದ್ಯರ ಸೂಚನೆಯಂತೆ ಪುನರ್ ಲಸಿಕೆಯನ್ನೂ ತದನಂತರ ವರ್ಷಕ್ಕೊಮ್ಮೆ ಲಸಿಕೆಯನ್ನೂ ಹಾಕಿಸಲಾಗುತ್ತದೆ. ಬೆಕ್ಕಿನಿಂದಲೂ ರೇಬೀಸ್ ಹರಡಬಲ್ಲದಾದ್ದರಿಂದ ಪರವಾನಗಿಯ ಮಾತೇನೇ ಇರಲಿ, ಬೆಕ್ಕಿಗೂ ಲಸಿಕೆ ಹಾಕಿಸತಕ್ಕದ್ದು. ಮನೆಯಿಂದ ಹೊರಗೇ ಹೋಗದ ನಾಯಿಗೆ ಲಸಿಕೆ ಬೇಡವೆಂಬುದು ತಪ್ಪು ತಿಳಿವಳಿಕೆ.

ಕಚ್ಚಿದ ಸಂದರ್ಭದಲ್ಲಿ

ಸಾಕುನಾಯಿಯೇ ಆಗಲಿ, ಲಸಿಕೆ ಪಡೆದುದೇ ಆಗಲಿ, ಕಚ್ಚಿದ ಅಥವಾ ಪರಚಿದ ಗಾಯವನ್ನು ಕೂಡಲೇ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷಗಳ ಕಾಲ ತೊಳೆಯಬೇಕು. ವೈರಾಣುವಿನ ಹೊರಕವಚವು ಸಾಬೂನಿಗೆ ಕರಗುವಂತಹುದಾಗಿರುವುದರಿಂದ ಇದು ಚಿಕಿತ್ಸೆಯ ಮೊದಲ ಭಾಗವೇ ಆಗಿದೆ. ಸುಣ್ಣ, ಖಾರದಪುಡಿ, ಕಾಫಿಪುಡಿ, ಅರಿಶಿನಗಳನ್ನು ಹಚ್ಚುವುದರಿಂದ ಗಾಯವು ಕೆರಳಿ ಅಪಾಯ ಹೆಚ್ಚುತ್ತದೆ. ಮಂತ್ರ, ನಾಟಿ ಮದ್ದುಗಳಲ್ಲಿ ಕಳೆದ ಒಂದೆರಡು ದಿನಗಳನ್ನು ಆಮೇಲೆ ಮರಳಿ ಪಡೆಯಲಾಗದು.

ಚರ್ಮದೊಳಕ್ಕೆ ನೀಡುವ ಲಸಿಕೆಯನ್ನು ಮೊದಲ ದಿನ ಮತ್ತು ಅಲ್ಲಿಂದ 3, 7 ಹಾಗೂ 28ನೆಯ ದಿನಗಳಲ್ಲಿ ಪಡೆಯಬೇಕು. ರಕ್ತ ಬಂದ ಗಾಯವಿದ್ದಲ್ಲಿ ಲಸಿಕೆಯೊಂದಿಗೆ ಗಾಯದ ಸುತ್ತ ಪ್ರತಿವಿಷ ಚುಚ್ಚುಮದ್ದನ್ನೂ ವೈದ್ಯರು ನೀಡುತ್ತಾರೆ. ಲಸಿಕೆಯು ದೇಹದಲ್ಲಿ ರಕ್ಷಣೆಯನ್ನು ಬೆಳೆಸಲು ಕೆಲ ದಿನಗಳು ಬೇಕಾಗುವುದರಿಂದ ಆ ಅವಧಿಯನ್ನು ಈ ಚುಚ್ಚುಮದ್ದು ಕಾಯುತ್ತದೆ. ಎರಡು ಡೋಸ್‌ಗಳ ನಂತರ ಗಾಯ ಮಾಯಿತೆಂದು ನಿಲ್ಲಿಸುವುದು ಅಪಾಯಕರ.

ಕಚ್ಚಿದ ನಾಯಿಯನ್ನು ಕೊಲ್ಲಬಾರದು. ರೋಗಲಕ್ಷಣಗಳು ಕಾಣುವುದಕ್ಕೆ ಕೆಲವೇ ದಿನಗಳ ಮುಂಚಿನಿಂದ ವೈರಾಣು ಜೊಲ್ಲಿನಲ್ಲಿ ಬರುತ್ತದೆಯಾದ್ದರಿಂದ, ಕಚ್ಚಿದ ನಂತರ 10 ದಿನಗಳವರೆಗೆ ನಾಯಿಯು ಆರೋಗ್ಯವಾಗಿ ಉಳಿದಲ್ಲಿ ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವೈರಾಣು ಇರಲಿಲ್ಲವೆಂದು ತಿಳಿಯುತ್ತದೆ. ಆದರೆ ಈ 10 ದಿನಗಳು ಮುಗಿಯಲೆಂದು ಚಿಕಿತ್ಸೆಯನ್ನು ಮುಂದೂಡುವಂತಿಲ್ಲ. ವೀಕ್ಷಣೆ ಮತ್ತು ಚಿಕಿತ್ಸೆ ಜೊತೆಜೊತೆಯಾಗಿ ನಡೆಯಬೇಕು. ಪರವಾನಗಿ ಹೊಂದಿದ ನಾಯಿಯನ್ನು ಗುರುತಿಸಿ ನಿಗಾದಲ್ಲಿರಿಸುವುದು ಸಾಧ್ಯ. ಯಾರದೆಂದು ತಿಳಿಯದ ನಾಯಿ ಕಚ್ಚಿ ಓಡಿಹೋದಲ್ಲಿ ಆ ಅವಕಾಶವಿಲ್ಲ.

ನವೀಕರಣ, ವರ್ಗಾವಣೆ ಮತ್ತು ರದ್ದತಿ

ಪರವಾನಗಿಯ ಅವಧಿ ಮುಗಿಯುವ ಮುನ್ನ ಹೊಸ ಲಸಿಕೆಯ ಪ್ರಮಾಣಪತ್ರದೊಂದಿಗೆ ನವೀಕರಣಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ನಾಯಿಯನ್ನು ಬೇರೆಯವರಿಗೆ ಕೊಟ್ಟಲ್ಲಿ ಅಥವಾ ಬೇರೆ ಊರಿಗೆ ಮನೆ ಬದಲಿಸಿದಲ್ಲಿ ಎರಡೂ ಕಡೆಯ ಕಚೇರಿಗಳಿಗೆ ತಿಳಿಸಬೇಕು. ನಾಯಿ ಕಳೆದುಹೋದಲ್ಲಿ ಪರವಾನಗಿ ಸಂಖ್ಯೆ ಹಾಗೂ ಭಾವಚಿತ್ರದೊಂದಿಗೆ ಸ್ಥಳೀಯ ಸಂಸ್ಥೆಯ ಪಶುವೈದ್ಯ ವಿಭಾಗಕ್ಕೆ ಮಾಹಿತಿ ನೀಡಿದಲ್ಲಿ, ಬೀದಿ ನಾಯಿಗಳನ್ನು ಹಿಡಿಯುವ ತಂಡಗಳ ಕೈಗೆ ಸಿಕ್ಕಾಗ ಮರಳಿ ದೊರೆಯುವ ಸಂಭವವಿರುತ್ತದೆ.

ನಾಯಿಯು ಮೃತಪಟ್ಟಾಗ ದೇಹವನ್ನು ಕಸದ ರಾಶಿಯಲ್ಲಾಗಲಿ ಕೆರೆಯಲ್ಲಾಗಲಿ ಎಸೆಯದೆ, ಸ್ಥಳೀಯ ಸಂಸ್ಥೆಯು ಸೂಚಿಸಿದ ಸ್ಥಳದಲ್ಲಿ ವಿಲೇವಾರಿ ಮಾಡಬೇಕು. ಸಾವಿಗೆ ಮುನ್ನ ನಾಯಿಯಲ್ಲಿ ಅಸಹಜ ಆಕ್ರಮಣ, ಧ್ವನಿಯ ಬದಲಾವಣೆ, ಜೊಲ್ಲು ಸುರಿಯುವಿಕೆ ಅಥವಾ ಹಿಂಗಾಲುಗಳ ದುರ್ಬಲತೆ ಕಂಡುಬಂದಿದ್ದಲ್ಲಿ ದೇಹವನ್ನು ಮುಟ್ಟದೆ ಪಶುವೈದ್ಯರಿಗೆ ತಿಳಿಸಿ, ಮನೆಯವರು ತಡಮಾಡದೆ ಸರ್ಕಾರಿ ಆಸ್ಪತ್ರೆಯಲ್ಲಿ ಸಲಹೆ ಪಡೆಯತಕ್ಕದ್ದು. ಸಾವಿನ ಮಾಹಿತಿಯನ್ನು ಕಚೇರಿಗೆ ನೀಡಿ ಪರವಾನಗಿಯನ್ನು ರದ್ದುಪಡಿಸಿಕೊಳ್ಳಬೇಕು. ಇಲ್ಲದಿದ್ದಲ್ಲಿ ಆ ನಾಯಿಯು ದಾಖಲೆಯಲ್ಲಿ ಜೀವಂತವಾಗಿಯೇ ಉಳಿದು, ಬಡಾವಣೆಗೆ ಬೇಕಾದ ಲಸಿಕೆಗಳ ಲೆಕ್ಕವು ತಪ್ಪುತ್ತದೆ.